ದುಡ್ಡು ಕಟ್ಟಿದವರಿಗೇ ಮ್ಯಾಚ್ ಇಲ್ಲ

ರಜೆ ಇದೆ, ಭಾರತದ ಒನ್‌ಡೇ ಇದೆ, ಎಲ್ಲರೂ ಟಿವಿ ಮುಂದೆ ಕೂತಿದ್ದೇವೆ. ದೂರದರ್ಶನ ಹಾಕಿದರೆ ಅಲ್ಲಿ ಬೇರೆಯೇ ಕಾರ್ಯಕ್ರಮ! ತಿಂಗಳು ತಿಂಗಳೂ ಕೇಬಲ್‌ಗೆ ದುಡ್ಡು ಕಟ್ಟುವ ನಮಗೆ ಈ ಗತಿ. ದೂರದರ್ಶನದ್ದೇ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಇರುವ ಪಕ್ಕದ ಮನೆಯಲ್ಲಿ ಅದೇ ಮ್ಯಾಚ್ ಬಿಟ್ಟಿಯಾಗಿ ಬರುತ್ತಿರುತ್ತದೆ. ಮುಖ್ಯ ಪಂದ್ಯಗಳು ಎಲ್ಲರಿಗೂ ಸಿಗಲಿ ಅಂತಲೇ, ಪ್ರಸಾರದ ಹಕ್ಕು ಕೊಂಡ ಚಾನೆಲ್‌ನವರು ಅವನ್ನು ದೂರದರ್ಶನಕ್ಕೂ ಕೊಡಬೇಕು ಎಂದು 2007ರಲ್ಲಿ ಕಾನೂನು ಮಾಡಿದ್ದು. 2017ರಲ್ಲಿ ಸುಪ್ರೀಂ ಕೋರ್ಟ್, ಆ ಪ್ರಸಾರ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಖಾಸಗಿ ಕೇಬಲ್‌ಗೆ ಇಲ್ಲ ಎಂದಿತು. ಕೋಟಿ ಕೋಟಿ ಸುರಿದು ಹಕ್ಕು ಕೊಂಡವರಿಗೆ ನಷ್ಟ ಆಗಬಾರದು, ಸರಿ. ನೋಡುವವರ ನಷ್ಟ ಯಾರು ಕೇಳಬೇಕು? ಸ್ಪೋರ್ಟ್ಸ್ ಚಾನೆಲ್‌ಗೆ ಬೇರೆ ದುಡ್ಡು, ಮೊಬೈಲ್ ಆ್ಯಪ್‌ಗೆ ಬೇರೆ ದುಡ್ಡು. ಪಿಂಚಣಿಯಲ್ಲೇ ಬದುಕುವ ನಮ್ಮಪ್ಪನಂಥವರು ಎಷ್ಟು ಕಡೆ ಕಟ್ಟುತ್ತಾರೆ? ಸರ್ಕಾರ ಕಾನೂನನ್ನೇ ತಿದ್ದಿ ಕೇಬಲ್‌ನವರಿಗೂ ಮ್ಯಾಚ್ ಕೊಡಿಸಬೇಕು.