ತೀರಿಕೊಂಡ ವರ್ಷ ಗೊತ್ತಿಲ್ಲದ ಲೇಖಕರ ಪುಸ್ತಕಗಳು

ತ್ರಿವೇಣಿಯವರ ಕಾದಂಬರಿಗಳನ್ನು ಈಗ ಯಾರ ಅನುಮತಿಯೂ ಇಲ್ಲದೆ ಅಚ್ಚು ಹಾಕಿಸಬಹುದೇ ಎಂದು ಸ್ನೇಹಿತರೊಬ್ಬರು ಕೇಳಿದರು. ಅವರು ಬದುಕಿದ್ದಾಗ ಪ್ರಕಟವಾದವುಗಳ ಮಟ್ಟಿಗೆ ಹಾಕಿಸಬಹುದು. 1957ರ ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಇಂತಹ ಕೃತಿಗಳಿಗೆ, ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ ರಕ್ಷಣೆ ಇರುತ್ತದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡದ್ದರಿಂದ, 2024ರ ಜನವರಿ 1ರಿಂದ ಆ ಕಾದಂಬರಿಗಳು ಎಲ್ಲರ ಸ್ವತ್ತು. ಆದರೆ ಅವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಬೆಳ್ಳಿಮೋಡ’ ಕಾನೂನಿನ ಕಣ್ಣಿಗೆ ಬೇರೆಯೇ ಕೃತಿ. ಸಿನಿಮಾ ಮತ್ತು ಧ್ವನಿಮುದ್ರಣಗಳಿಗೆ ಆ 60 ವರ್ಷವನ್ನು ಬಿಡುಗಡೆಯಾದ ವರ್ಷದ ಆಧಾರದ ಮೇಲೆ ಎಣಿಸುತ್ತಾರೆ. ಲೇಖಕರು ತೀರಿಕೊಂಡ ಮೇಲೆ ಮೊದಲ ಸಲ ಬೆಳಕು ಕಂಡ ಬರಹಗಳಿಗೂ ಪ್ರಕಟಣೆಯಿಂದಲೇ ಲೆಕ್ಕ.

ಮೂಲ ಕಾಯ್ದೆಯಲ್ಲಿ ಇದ್ದದ್ದು 50 ವರ್ಷ. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದಾಗ, ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯದ ಕೈಯಲ್ಲಿ ಅದು ಇನ್ನೂ ಉಳಿಯಲಿ ಎಂಬ ಒತ್ತಾಯದಿಂದ ಸರ್ಕಾರ ಅವಧಿಯನ್ನು 10 ವರ್ಷ ಹಿಗ್ಗಿಸಿತು. ಒಬ್ಬ ಮಹಾಕವಿಗಾಗಿ ಮಾಡಿದ ಏರ್ಪಾಡು ದೇಶದ ಪ್ರತಿಯೊಬ್ಬ ಲೇಖಕನಿಗೂ ಅನ್ವಯಿಸಿತು. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದವು ಪುಸ್ತಕಗಳಿಗೆ ಕೇಳುವುದು ಲೇಖಕರ ಮರಣಾನಂತರ ಕನಿಷ್ಠ 50 ವರ್ಷವನ್ನು ಮಾತ್ರ.

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ, ಕಾರಂತರು ತೀರಿಕೊಂಡದ್ದು 1997ರಲ್ಲಿ. ಹಾಗಾಗಿ ಆ ಕಾದಂಬರಿಯ ಹಕ್ಕು 2057ರ ಕೊನೆಯವರೆಗೆ, ಅಂದರೆ ಹತ್ತಿರ ಹತ್ತಿರ 125 ವರ್ಷ ಇರುತ್ತದೆ. ಇದು ದೀರ್ಘವಾಯಿತೆಂದು ನನಗೆ ಅನ್ನಿಸಿದರೂ ದೊಡ್ಡ ದೂರೇನಿಲ್ಲ. ಅಂತಹ ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತವೆ, ಅನುಮತಿ ಬೇಕಾದವರಿಗೆ ಯಾರನ್ನು ಕೇಳಬೇಕೆಂದು ತಿಳಿದಿರುತ್ತದೆ.

ನನ್ನ ಸಂಕಟ ಹೆಸರಾಗದ ಲೇಖಕರ ಪುಸ್ತಕಗಳ ಕುರಿತದ್ದು. ನಮ್ಮೂರ ವಾಚನಾಲಯದ ಕಪಾಟಿನಲ್ಲಿ ಶಾಲಾ ಮಾಸ್ತರರೊಬ್ಬರು 1940ರ ದಶಕದಲ್ಲಿ ಬರೆದು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಒಂದು ಸಣ್ಣ ಪುಸ್ತಕವಿದೆ. ಕೆರೆ, ತೂಬು, ಕಾಲುವೆಗಳ ಬಗ್ಗೆ ಅಷ್ಟು ವಿವರ ನಾನು ಬೇರೆಲ್ಲೂ ಓದಿಲ್ಲ. ಹಾಳೆಗಳು ಮುಟ್ಟಿದರೆ ಮುರಿಯುವಷ್ಟು ಒಣಗಿವೆ. ಅದನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕೊಡೋಣವೆಂದು ಹೊರಟಾಗ, ಮಾಸ್ತರರು ತೀರಿಕೊಂಡ ವರ್ಷ ಊರಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ತಿಳಿಯಿತು. 1955 ಆಗಿದ್ದರೆ ಪುಸ್ತಕ ಈಗಾಗಲೇ ಮುಕ್ತ. 1985 ಆಗಿದ್ದರೆ 2045ರ ಕೊನೆಯವರೆಗೆ ಕಾಯಬೇಕು, ಅಷ್ಟು ದಿನ ಆ ಕಾಗದ ಉಳಿಯುವುದಿಲ್ಲ.

ಕಾಯ್ದೆಯ 31ಎ ಕಲಮು ಇಂತಹ ಪ್ರಸಂಗಕ್ಕೆಂದೇ ಇದೆ. ಹಕ್ಕುದಾರರು ಪತ್ತೆಯಾಗದಿದ್ದರೆ ಅರ್ಜಿ ಹಾಕಿ ಪ್ರಕಟಣೆಯ ಪರವಾನಗಿ ಪಡೆಯಬಹುದು. ಆದರೆ ಅದಕ್ಕೆ ಮುಂಚೆ, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಭಾಷಾಪತ್ರಿಕೆಯಲ್ಲೂ ಕೊಡಬೇಕೆಂಬ ನಿಯಮ ಇರುವುದು ಅನುವಾದಕ್ಕೆ ಮಾತ್ರ. ಕನ್ನಡದಲ್ಲಿ ಬರೆದ ಮಾಸ್ತರರ ಮೊಮ್ಮಕ್ಕಳನ್ನು ಇಂಗ್ಲಿಷ್ ಪತ್ರಿಕೆಯ ಮೂಲಕ ಹುಡುಕಬೇಕೆಂಬ ಈ ನಿಯಮ ನನಗೆ ಬಹಳ ನೋವು ತಂದಿದೆ. ಜಾಹೀರಾತು, ವಕೀಲರು ಎಂದು ಖರ್ಚು ಮಾಡುವ ಶಕ್ತಿ ಯಾವ ಊರಿನ ವಾಚನಾಲಯಕ್ಕಿದೆ?

ಪರಿಹಾರದ ದಾರಿ ಅದೇ ಕಾಯ್ದೆಯಲ್ಲಿದೆ. ಕಾವ್ಯನಾಮದ ಹಿಂದೆ ಯಾರಿದ್ದಾರೆಂದು ತಿಳಿಯದ ಕೃತಿಗೆ ಪ್ರಕಟಣೆಯಿಂದ 60 ವರ್ಷ ಎಣಿಸುತ್ತಾರೆ. ಲೇಖಕರ ಗುರುತು ಅಷ್ಟರೊಳಗೆ ಬಹಿರಂಗವಾದರೆ ಮಾತ್ರ ಮರಣದ ಲೆಕ್ಕ. ಹೆಸರು ಗೊತ್ತಿದ್ದೂ ತೀರಿಕೊಂಡ ವರ್ಷ ಸಿಗದವರಿಗೂ ಇದನ್ನೇ ಅನ್ವಯಿಸುವಂತೆ ಕಾಯ್ದೆಯನ್ನು ತಿದ್ದಬಹುದು. ವಾರಸುದಾರರು ಮುಂದೆ ಬಂದರೆ ಅವರ ಹಕ್ಕು ಅವರಿಗೆ ಸಲ್ಲಲಿ.

ಅಲ್ಲಿಯವರೆಗೆ ನನ್ನದೊಂದು ವಿನಂತಿ. ನಿಮ್ಮ ಅಜ್ಜನೋ ದೊಡ್ಡಮ್ಮನೋ ಪುಸ್ತಕ ಬರೆದಿದ್ದರೆ, ಅವರು ತೀರಿಕೊಂಡ ವರ್ಷವನ್ನು ಮನೆಯಲ್ಲಿರುವ ಪ್ರತಿಯ ಮೊದಲ ಪುಟದಲ್ಲಿ ಬರೆದಿಡಿ, ಊರಿನ ವಾಚನಾಲಯಕ್ಕೂ ತಿಳಿಸಿ.