ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ

ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವವರಿಗೆ ಇದ್ದ ಒಂದೇ ಸುಖವೆಂದರೆ ಸದ್ದಿಲ್ಲದೆ ಸೋಲುವುದು. ಪ್ರೋಗ್ರಾಂ ಕೈಕೊಟ್ಟರೆ ಪರದೆಯ ಮೇಲೆ ನಾಲ್ಕು ಸಾಲು ಕೆಂಪಕ್ಷರ ಬರುತ್ತದೆ, ಅಷ್ಟೆ. ಮನಸ್ಸಿನಲ್ಲೇ ಬೈದುಕೊಂಡು, ಮುಖದ ಮೇಲೆ ಗಾಂಭೀರ್ಯ ಉಳಿಸಿಕೊಂಡರೆ ಪಕ್ಕದಲ್ಲಿ ಕೂತವರಿಗೂ ಸುಳಿವು ಸಿಗುವುದಿಲ್ಲ. ಈಗ ಆ ಸುಖಕ್ಕೂ ಕಲ್ಲು ಬಿದ್ದಿದೆ. ಮಾತಿಗೆ ಮಾತಿನಲ್ಲೇ ಉತ್ತರಿಸುವ ವಾಯ್ಸ್ ಅಸಿಸ್ಟೆಂಟ್‌ಗೆ ಆ್ಯಪ್ ಬರೆದವನು ಸೋತರೆ, ಅದನ್ನು ಹಾಲ್‌ನಲ್ಲಿಟ್ಟ ಸ್ಪೀಕರ್ ಮನೆಮಂದಿಗೆಲ್ಲ ಕೇಳುವಂತೆ ಜೇನು ಸುರಿಯುವ ದನಿಯಲ್ಲಿ ಸಾರುತ್ತದೆ: “ಕ್ಷಮಿಸಿ, ಈ ಆ್ಯಪ್ ಸದ್ಯಕ್ಕೆ ಸ್ಪಂದಿಸುತ್ತಿಲ್ಲ. ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.”

ನಮ್ಮನೆಯಲ್ಲಿ ಈ ವಾಕ್ಯ ಎಲ್ಲರಿಗೂ ಬಾಯಿಪಾಠವಾಗಿದೆ. “ಓದ್ಕೊಂಡ್ಯಾ?” ಎಂದು ಮಗಳನ್ನು ಕೇಳಿದರೆ, ಅದೇ ರಾಗ, ಅದೇ ವಿನಯ, ಕತ್ತನ್ನು ಒಂದಿಷ್ಟು ವಾಲಿಸಿ, “ಕ್ಷಮಿಸಿ, ಈ ಆ್ಯಪ್ ಸದ್ಯಕ್ಕೆ ಸ್ಪಂದಿಸುತ್ತಿಲ್ಲ” ಎನ್ನುತ್ತಾಳೆ. ಗದರಿಸಲು ಬಾಯಿ ತೆರೆದರೆ, “ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು...” ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಯಾರ ಮೇಲೆ ರೇಗುವುದು?

ನಾನು ಬರೆದ ಆ್ಯಪ್ ಮಾಡುವ ಕೆಲಸವಾದರೂ ಏನು ಮಹಾ. ಇವತ್ತು ಗಿಡಗಳಿಗೆ ನೀರು ಹಾಕುವ ಸರದಿ ಯಾರದು ಎಂದು ಹೇಳುವುದು. ವರ್ಷದ ಎಷ್ಟನೇ ದಿನವೆಂದು ನೋಡಿ ಮೂರರಿಂದ ಭಾಗಿಸುವುದು. ಶೇಷ ಸೊನ್ನೆ ಬಂದರೆ ಮಗಳು, ಒಂದು ಬಂದರೆ ನಾನು, ಎರಡು ಬಂದರೆ ನನ್ನ ಹೆಂಡತಿ. ಅಮ್ಮನಿಗೆ ವಯಸ್ಸಿನ ಕಾರಣ ರಿಯಾಯಿತಿ. ಆದರೆ ಯಾರ ಸರದಿ ಎಂದು ವಿಚಾರಿಸಿ ಅವರ ಬೆನ್ನು ಹತ್ತುವ ಖಾತೆ ಅವಳದೇ. ಭಾಗಾಕಾರ ಮೂರನೇ ಕ್ಲಾಸಿನ ಲೆಕ್ಕ. ಅದನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್‌ನಲ್ಲಿರುವ ಯಾರದೋ ಕಂಪ್ಯೂಟರಿಗೆ ಏರಿಸುವುದಿದೆಯಲ್ಲ, ಅದಕ್ಕೆ ಯಾವ ಕ್ಲಾಸೂ ಸಾಲದು.

ಗೊತ್ತಿಲ್ಲದವರಿಗೆ ಎರಡು ಮಾತು. ನೀವು ಸ್ಪೀಕರ್‌ಗೆ ಏನಾದರೂ ಹೇಳಿದರೆ ನಿಮ್ಮ ದನಿ ಮೊದಲು ಅದನ್ನು ಮಾಡಿದ ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಅಲ್ಲಿ ದನಿ ಅಕ್ಷರವಾಗಿ, ಅಕ್ಷರದಿಂದ ‘ಇವರಿಗೆ ಬೇಕಾದ್ದು ಇದು’ ಎಂಬ ತೀರ್ಮಾನವಾಗಿ, ಆ ತೀರ್ಮಾನವನ್ನು ಜೆಸನ್ ಎಂಬ, ಯಂತ್ರಗಳು ಓದುವ ಬರಹದ ರೂಪದಲ್ಲಿ ಕಟ್ಟಿ ನಾವು ಕೊಟ್ಟ ವಿಳಾಸಕ್ಕೆ ಕಳಿಸುತ್ತಾರೆ. ಆ ವಿಳಾಸದಲ್ಲಿ ಕಾದು ಕೂತಿರಬೇಕಾದ ನಮ್ಮ ಪ್ರೋಗ್ರಾಂ ತುಣುಕೇ ವೆಬ್‌ಹುಕ್. ಅದು ಉತ್ತರ ಕೊಡಬೇಕು, ಅದನ್ನು ಸ್ಪೀಕರ್ ಓದಿ ಹೇಳಬೇಕು. ಇಷ್ಟಕ್ಕೂ ಗಡುವು ಇದೆ. ಅಮೆಜಾನ್‌ನ ಅಲೆಕ್ಸಾ ಆದರೆ 8 ಸೆಕೆಂಡ್ ಕಾಯುತ್ತದೆ, ಮಾತಿನ ಆ್ಯಪ್ ಕಟ್ಟಲು ಗೂಗಲ್ ಕೊಡುವ ಡೈಲಾಗ್‌ಫ್ಲೋದ ವೆಬ್‌ಹುಕ್‌ಗೆ 5 ಸೆಕೆಂಡ್. ಗಡುವು ಇಡುವುದರಲ್ಲಿ ನ್ಯಾಯವಿದೆ ಅನ್ನಿ. ವೆಬ್ ಪುಟ ತಡವಾದರೆ ತಿರುಗುವ ಚಕ್ರ ತೋರಿಸಿ ಜನರನ್ನು ಕೂರಿಸಬಹುದು, ಮಾತಿನ ನಡುವೆ ಚಕ್ರ ತಿರುಗಿಸಲು ಬರುವುದಿಲ್ಲ. ಐದು ಸೆಕೆಂಡ್ ಮೌನವಾದರೆ ನಾವೇ “ಹಲೋ, ಕೇಳಿಸ್ತಿದೆಯಾ?” ಎಂದು ಶುರುಮಾಡುತ್ತೇವೆ.

ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಮಿಂಚಿನಂತೆ ನಡೆಯುತ್ತಿತ್ತು. ಕ್ಲೌಡ್‌ಗೆ ಏರಿಸಿದ ಮೇಲೆ ಶುರುವಾಯಿತು ನೋಡಿ. ನಾವು ಹೇಳಿದ ಪೋರ್ಟ್ (ಪ್ರೋಗ್ರಾಂಗೆ ಕರೆ ಬರುವ ಬಾಗಿಲಿನ ನಂಬರು) ಅದಕ್ಕೆ ಬೇಡ, ಅದು ಕೊಟ್ಟದ್ದನ್ನೇ ನಾವು ಇಟ್ಟುಕೊಳ್ಳಬೇಕು. ಫೈಲ್ ಹೆಸರಿನ ಮೊದಲ ಅಕ್ಷರ ದೊಡ್ಡದೋ ಚಿಕ್ಕದೋ ಎಂದು ನನ್ನ ಲ್ಯಾಪ್‌ಟಾಪ್ ಯಾವತ್ತೂ ತಲೆ ಕೆಡಿಸಿಕೊಂಡದ್ದಿಲ್ಲ. ಕ್ಲೌಡ್‌ನಲ್ಲಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಅದಕ್ಕೆ ಎರಡೂ ಬೇರೆ ಬೇರೆ ಫೈಲು. ಪಾಸ್‌ವರ್ಡ್‌ನಂಥ ಗುಟ್ಟಿನ ಕೀಲಿಗಳನ್ನು, ಪ್ರೋಗ್ರಾಂ ಜೋಪಾನ ಮಾಡುವ ಗಿಟ್‌ಗೆ ಹಾಕಬಾರದು ಎಂದು ಲೋಕವೆಲ್ಲ ಬುದ್ಧಿ ಹೇಳುತ್ತದೆ. ಹಾಕದಿದ್ದರೆ ಸರ್ವರ್ ‘ಕೀಲಿ ಎಲ್ಲಿ’ ಎಂದು ಕೇಳಿ ಮಕಾಡೆ ಮಲಗುತ್ತದೆ. ಜೆಸನ್‌ನಲ್ಲಿ ಕೊನೆಯ ಐಟಂ ಆದಮೇಲೆ ಒಂದು ಅಲ್ಪವಿರಾಮ ಉಳಿದರೂ ಇಡೀ ಫೈಲು ಅಸಿಂಧು. ಒಂದು ಅಲ್ಪವಿರಾಮಕ್ಕೆ ಇಷ್ಟು ಸಿಟ್ಟು ಮಾಡಿಕೊಂಡ ವ್ಯಾಕರಣ ಮೇಷ್ಟ್ರನ್ನೂ ನಾನು ಕಂಡಿಲ್ಲ.

ಇವೆಲ್ಲ ಹೇಗೋ ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಆ ಕ್ಷಮಾಪಣೆ. ವೆಬ್‌ನಲ್ಲಿ ಪ್ರತಿ ಕಾಯಿಲೆಗೂ ಒಂದೊಂದು ನಂಬರಿದೆ. ಪುಟವೇ ಇಲ್ಲದಿದ್ದರೆ 404, ಪ್ರೋಗ್ರಾಂ ಒಳಗೇ ಕುಸಿದರೆ 500, ಹಿಂದೆ ನಿಂತ ಸರ್ವರ್ ಹೊತ್ತಿಗೆ ಸರಿಯಾಗಿ ಉತ್ತರಿಸದಿದ್ದರೆ 504. 1998ರ ಏಪ್ರಿಲ್ ಒಂದರಂದು ತಮಾಷೆಗೆಂದು ಹೊರಡಿಸಿದ 418 ಕೂಡ ಇದೆ, ‘ನಾನೊಂದು ಟೀಪಾಟ್’ ಎಂದು ಅದರರ್ಥ. ಟೀಪಾಟ್‌ಗೂ ಒಂದು ನಂಬರ್ ಕೊಟ್ಟ ಜನ ಸ್ಪೀಕರ್ ವಿಷಯಕ್ಕೆ ಬರುವಾಗ ಕೈಚೆಲ್ಲಿದರು. ಪೋರ್ಟ್ ತಪ್ಪಿದರೂ ಕ್ಷಮಿಸಿ, ಕೀಲಿ ಸಿಗದಿದ್ದರೂ ಕ್ಷಮಿಸಿ, ಅಲ್ಪವಿರಾಮಕ್ಕೂ ಕ್ಷಮಿಸಿ. ಅಷ್ಟು ಇಂಪಾಗಿ ಕ್ಷಮೆ ಕೇಳಿದವರ ಮೇಲೆ ಕೂಗಾಡಿದರೆ ಮನೆಯವರ ಕಣ್ಣಲ್ಲಿ ಒರಟ ನಾನೇ.

ಎಲ್ಲವನ್ನೂ ಒಂದೊಂದಾಗಿ ಬಗೆಹರಿಸಿ ಆ್ಯಪ್ ಬರೆಯುವವರು ಪರೀಕ್ಷೆ ಮಾಡುವ ಡೆವಲಪರ್ ಕನ್ಸೋಲ್‌ನಲ್ಲಿ ಟೈಪ್ ಮಾಡಿ ನೋಡಿದೆ. ಅಲ್ಲಿ ಆ್ಯಪ್ ಅರಳು ಹುರಿದಂತೆ ಮಾತಾಡಿತು. ಹಾಲ್‌ಗೆ ಹೋಗಿ ಕೇಳಿದರೂ ಉತ್ತರ ಬಂತು. “ಆಯ್ತು, ಇನ್ನು ಯಾರು ಬೇಕಾದರೂ ಕೇಳಿ” ಎಂದು ಘೋಷಿಸಿ ಆಫೀಸಿಗೆ ಹೊರಟೆ. ಸಂಜೆ ಬಂದರೆ ಮೂವರದ್ದೂ ಒಂದೇ ದೂರು: ಅದು ಕ್ಷಮಿಸಿ ಅಂತಿದೆ. ಲ್ಯಾಪ್‌ಟಾಪ್ ತೆರೆದು ಒಂದೆರಡು ಬಾರಿ ಒತ್ತಿ ನೋಡಿದರೆ ಸರಿಯಾಗಿಯೇ ಇದೆ! ನಾನು ಮನೆಯಲ್ಲಿ ಇಲ್ಲದ ಹೊತ್ತೆಲ್ಲ ಕೆಟ್ಟು, ಬಂದು ಕೂತೊಡನೆ ಸರಿಯಾಗುತ್ತದೆ. ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ ಪಾಠ ಮಾಡುವ ಮೇಷ್ಟ್ರ ಥರ.

ಇದರ ಒಳಗುಟ್ಟು ಬಿಟ್ಟಿ ಹೋಸ್ಟಿಂಗ್, ಅಂದರೆ ಪ್ರೋಗ್ರಾಂ ಇಡಲು ಪುಕ್ಕಟೆ ಸಿಗುವ ಸರ್ವರ್. ಹೆಸರು ಬೇಡ, ನಾನು ಹಿಡಿದ ಸೇವೆಯಲ್ಲಿ ಹದಿನೈದು ನಿಮಿಷ ಯಾರೂ ಮಾತಾಡಿಸದಿದ್ದರೆ ಸರ್ವರ್ ನಿದ್ದೆ ಹೋಗುತ್ತದೆ. ಯಾರಾದರೂ ಕರೆದಾಗ ಎದ್ದು, ಪ್ರೋಗ್ರಾಂ ಲೋಡ್ ಮಾಡಿಕೊಂಡು, ಪೋರ್ಟ್ ಹಿಡಿದು ಸಿದ್ಧವಾಗುವಷ್ಟರಲ್ಲಿ ಅರ್ಧ ನಿಮಿಷದ ಮೇಲಾಗಿರುತ್ತದೆ. ಇದಕ್ಕೆ ಕೋಲ್ಡ್ ಸ್ಟಾರ್ಟ್ ಎನ್ನುತ್ತಾರೆ. ಕಾಯುವವರದ್ದು 8 ಸೆಕೆಂಡ್, ಏಳುವವರದ್ದು ಅರ್ಧ ನಿಮಿಷ. ಕೂಡಿಬರುವ ಜಾತಕವೇ ಅಲ್ಲ. ನಾನು ಕನ್ಸೋಲ್‌ನಲ್ಲಿ ಮೇಲಿಂದ ಮೇಲೆ ಕುಟ್ಟುತ್ತಿದ್ದಾಗ ಅದು ಎಚ್ಚರವಾಗಿಯೇ ಇರುತ್ತಿತ್ತು, ನನಗೆ ಹೇಗೆ ತಿಳಿಯಬೇಕು?

ಇಷ್ಟಾದರೂ ಒಂದು ಒಗಟು ಉಳಿದಿತ್ತು. ಹೆಂಡತಿಗೆ ಮೊದಲು ಕ್ಷಮಿಸಿ ಎಂದರೂ ಕೊನೆಗೆ ಉತ್ತರ ಸಿಗುತ್ತಿತ್ತು. ಅಮ್ಮನಿಗೆ ಮಾತ್ರ ಒಮ್ಮೆಯೂ ಸಿಕ್ಕಿಲ್ಲ. “ಗದರಿಸಿ ಕೇಳಿದ್ರೆ ಹೇಳತ್ತೆ, ಅತ್ತೆ ಮೆತ್ತಗೆ ಕೇಳ್ತಾರೆ” ಎನ್ನುವುದು ಹೆಂಡತಿಯ ಸಿದ್ಧಾಂತ. “ಪಾಪ, ಅದಕ್ಕೇನು ಕೆಲಸ ಇರತ್ತೋ” ಎನ್ನುವುದು ಅಮ್ಮನದು.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತು, ಸರ್ವರ್ ತನ್ನ ದಿನಚರಿ ಬರೆದಿಡುವ ಲಾಗ್ ತೆರೆದೆ. ಅದರಲ್ಲಿ ಹೊತ್ತು ಬೀಳುವುದು ಯುಟಿಸಿ ಲೆಕ್ಕದಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 08:41ಕ್ಕೆ, ಅಂದರೆ ನಮ್ಮ ಮಧ್ಯಾಹ್ನ ಎರಡು ದಾಟಿದ ಮೇಲೆ, ‘ಸರ್ವರ್ ಸ್ಟಾರ್ಟೆಡ್’ ಎಂಬ ಸಾಲು, ಅದರ ಕೆಳಗೆ ಒಂದು ಪ್ರಶ್ನೆ, ಅದಕ್ಕೆ 200 ಎಂಬ ಯಶಸ್ಸಿನ ಮುದ್ರೆ. ಮತ್ತೆ 09:04ಕ್ಕೆ ‘ಸರ್ವರ್ ಸ್ಟಾರ್ಟೆಡ್’, ಪ್ರಶ್ನೆ, 200. ಮತ್ತೆ 09:30ಕ್ಕೆ. ಪ್ರತಿ ಸಲವೂ ಸರ್ವರ್ ಎದ್ದಿದೆ, ಲೆಕ್ಕ ಮಾಡಿದೆ, ‘ಇವತ್ತು ಮೊಮ್ಮಗಳ ಸರದಿ’ ಎಂದು ಸರಿಯಾದ ಉತ್ತರವನ್ನೇ ಕೊಟ್ಟಿದೆ. ಆದರೆ ಕೇಳಿದ ಸ್ಪೀಕರ್ ಕ್ಷಮೆ ಬೇಡಿ ಕೈತೊಳೆದುಕೊಂಡು ಆಗಲೇ ಅರ್ಧ ನಿಮಿಷ. ಆ ಹೊತ್ತಿನಲ್ಲಿ ಮನೆಯಲ್ಲಿರುವವಳು ಅಮ್ಮ ಒಬ್ಬಳೇ.

ಆಗ ಹೊಳೆಯಿತು. ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದು ಅದು ಹೇಳುತ್ತದೆ, ಅಮ್ಮ ಹಾಗೆಯೇ ಮಾಡುತ್ತಾಳೆ. ನಿಜವಾಗಿಯೂ ಸ್ವಲ್ಪ ಹೊತ್ತು ಬಿಡುತ್ತಾಳೆ. ಒಗೆದ ಬಟ್ಟೆ ಮಡಚಿಟ್ಟು, ಪೇಪರಿನ ಒಂದು ಪುಟ ಓದಿ, ಇಷ್ಟು ಸಮಯ ಕೊಟ್ಟರೆ ಅದಕ್ಕೂ ಸಾಕಾದೀತು ಎಂದು ಮತ್ತೆ ಬಂದು ಕೇಳುತ್ತಾಳೆ. ಅಮ್ಮನ ಪ್ರಕಾರ ‘ಸ್ವಲ್ಪ ಹೊತ್ತು’ ಎಂದರೆ ಇಪ್ಪತ್ತು-ಇಪ್ಪತ್ತೈದು ನಿಮಿಷ. ಸರ್ವರ್ ಮತ್ತೆ ಮಲಗುವುದು ಹದಿನೈದಕ್ಕೆ! ಅವಳು ಮರ್ಯಾದೆಯಿಂದ ಕಾದಷ್ಟೂ ಅದು ನೆಮ್ಮದಿಯಾಗಿ ನಿದ್ದೆಗೆ ಜಾರುತ್ತಿತ್ತು. ನನ್ನ ಹೆಂಡತಿಯೋ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಸ್ಪೀಕರ್‌ಗೊಂದಿಷ್ಟು, ಅದನ್ನು ತಂದ ನನಗೊಂದಿಷ್ಟು ಬೈದು ಮತ್ತೆ ಕೇಳುತ್ತಿದ್ದಳು. ಬೈಗುಳ ಮುಗಿಯುವಷ್ಟರಲ್ಲಿ ಕೋಲ್ಡ್ ಸ್ಟಾರ್ಟ್ ಮುಗಿದಿರುತ್ತಿತ್ತು. ಅವಳ ಸಿದ್ಧಾಂತ ತಪ್ಪಲ್ಲ, ಸರ್ವರ್‌ಗೆ ಬೇಕಾದಷ್ಟು ಹೊತ್ತು ಅವಳು ಬೈಯುತ್ತಾಳೆ, ಅಷ್ಟೆ.

ಲಾಗ್ ನೋಡುತ್ತ ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ನಾನು ದಪ್ಪಕ್ಷರದಲ್ಲಿ ಬರೆದುಕೊಟ್ಟ ಚೀಟಿ ಸ್ಪೀಕರ್ ಪಕ್ಕದಲ್ಲೇ ಇದೆ. ಕನ್ನಡಕ ಹಾಕಿಕೊಂಡು, ಚೀಟಿ ನೋಡಿ, ಒಂದಕ್ಷರ ತಪ್ಪದಂತೆ ಕೇಳಿ, ಉತ್ತರಕ್ಕೆಂದು ಕಿವಿ ಕೊಟ್ಟು ನಿಂತಿರುತ್ತಾಳೆ. ‘ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ’ ಎಂದು ಬರೆಯುವ ನಮ್ಮ ಕಸುಬಿನವರು ಯಾರೂ ಅದನ್ನು ಒಬ್ಬರು ಹೀಗೆ ನಂಬಿ ಪಾಲಿಸುತ್ತಾರೆಂದು ಎಣಿಸಿರುವುದಿಲ್ಲ. ಸಾಗಹಾಕುವ ಮಾತು ಅದು.

ಈ ಲೋಕದಲ್ಲಿ ‘ಸ್ವಲ್ಪ ಹೊತ್ತು’ ಎನ್ನುವುದು ಎಷ್ಟೋ ಆ್ಯಪ್‌ಗಳ ಪಾಲಿಗೆ ‘ಇನ್ನೆಂದೂ ಇಲ್ಲ’ವಾದದ್ದೂ ಇದೆ. ಹವ್ಯಾಸಿಗಳೆಲ್ಲ ಬಾಟ್ (ತಾನೇ ಉತ್ತರಿಸುವ ಪ್ರೋಗ್ರಾಂ) ಏರಿಸುತ್ತಿದ್ದ ಹೆರೋಕು ಎಂಬ ಹೋಸ್ಟಿಂಗ್ ಕಂಪನಿಯ ಬಿಟ್ಟಿ ಸೇವೆ 2022ರ ನವೆಂಬರ್ 28ಕ್ಕೆ ನಿಂತಿತು. ಗೂಗಲ್ ಅಸಿಸ್ಟೆಂಟ್‌ಗೆಂದು ಹೊರಗಿನವರು ಬರೆದಿದ್ದ ಮಾತಿನ ಆ್ಯಪ್‌ಗಳು 2023ರ ಜೂನ್ 13ಕ್ಕೆ ಬಂದಾದವು. ರಸಪ್ರಶ್ನೆ, ಒಗಟು, ಮಕ್ಕಳಿಗೆ ಕಥೆ ಹೇಳುವಂಥವು. ಅವುಗಳ ಪೈಕಿ ಒಂದೆರಡು ವೆಬ್‌ಹುಕ್ ಎಲ್ಲೋ ಇನ್ನೂ ಓಡುತ್ತ, ಬಾರದ ಪ್ರಶ್ನೆಗೆ ಕಾಯುತ್ತಿರಬಹುದು ಎನಿಸುತ್ತದೆ. ನಮ್ಮದೋ, ಪ್ರಶ್ನೆ ಬಂದಾಗಲೂ ಗೊರಕೆ ಹೊಡೆಯುತ್ತದೆ.

ದುಡ್ಡು ಕಟ್ಟಿದರೆ ಸರ್ವರ್ ಮಲಗುವುದಿಲ್ಲ ಎಂದು ಹೋಸ್ಟಿಂಗ್‌ನವರು ಮೇಲಿಂದ ಮೇಲೆ ಇಮೇಲ್ ಹಾಕುತ್ತಿದ್ದರು. ಮೂರರಿಂದ ಭಾಗಿಸುವ ಲೆಕ್ಕಕ್ಕೆ ತಿಂಗಳ ಬಾಡಿಗೆಯೇ? ಜಿದ್ದಿಗೆ ಬಿದ್ದು ಇನ್ನೊಂದು ಬಿಟ್ಟಿ ಸೇವೆ ಹಿಡಿದೆ. ಸರ್ವರ್ ಬದುಕಿದೆಯೋ ಇಲ್ಲವೋ ಎಂದು ಹತ್ತು ನಿಮಿಷಕ್ಕೊಮ್ಮೆ ಕರೆದು ನೋಡುವುದು ಅದರ ಉದ್ಯೋಗ. ಈಗ ಒಂದು ಬಿಟ್ಟಿ ಯಂತ್ರ ಇನ್ನೊಂದು ಬಿಟ್ಟಿ ಯಂತ್ರವನ್ನು ಹಗಲೂ ರಾತ್ರಿ ತಿವಿಯುತ್ತಿರುತ್ತದೆ, ನಮ್ಮ ಮನೆಯ ಐದಾರು ಗಿಡಗಳ ಸಲುವಾಗಿ.

ನಿನ್ನೆ ಮಧ್ಯಾಹ್ನ ಅಮ್ಮ ಕೇಳಿದಳು, ಉತ್ತರ ಬಂತು. ಆಫೀಸಿಗೆ ಫೋನ್ ಮಾಡಿ, “ಹೇಳ್ತು ಕಣೋ! ಪುಟ್ಟೀದಂತೆ” ಎಂದಳು. ಸಂಜೆ ಪುಟ್ಟಿ ಗೊಣಗುತ್ತ ನೀರು ಹಾಕಿದಳು. ಇವತ್ತು ಬೆಳಗ್ಗೆ ಅಮ್ಮ ಕತ್ತಲಿರುವಾಗಲೇ ಎದ್ದು, ಅದೇ ಹುರುಪಿನಲ್ಲಿ ಮತ್ತೆ ಕೇಳಿದ್ದಾಳೆ. ಇಲ್ಲಿ ದಿನ ಬದಲಾಗಿದೆ, ಯುಟಿಸಿ ಲೆಕ್ಕದಲ್ಲಿ ಬದುಕುವ ಸರ್ವರ್‌ಗೆ ಇನ್ನೂ ನಿನ್ನೆಯೇ. ಅದು ಮತ್ತೆ ಪುಟ್ಟಿಯ ಹೆಸರನ್ನೇ ಹೇಳಿದೆ.

“ಅಜ್ಜೀ, ನಿನ್ನೇನೂ ನಾನೇ ಹಾಕಿದ್ದು!” ಎಂದು ಮಗಳು ಹೊದಿಕೆಯೊಳಗಿಂದಲೇ ಕೂಗುತ್ತಿದ್ದಳು.

“ನಂಗೇನು ಗೊತ್ತು, ಅದು ಹೇಳ್ತಲ್ಲ,” ಎಂದು ಅಮ್ಮ ಬಿಂದಿಗೆ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದಳು.

ನಮ್ಮ ಟೈಮ್‌ಝೋನ್ ಸೇರಿಸಿ ಮತ್ತೆ ಕ್ಲೌಡ್‌ಗೆ ಏರಿಸುತ್ತಿದ್ದೇನೆ. ಬಿಲ್ಡ್ ನಡೆಯುತ್ತಿದೆ. ಮುಗಿಯುವವರೆಗೆ ಸ್ಪೀಕರ್ ಹತ್ತಿರ ಯಾರೂ ಹೋಗಬೇಡಿ ಎಂದು ಹೇಳಿಬಂದಿದ್ದೇನೆ. ಅಮ್ಮ ಹೋಗುವುದಿಲ್ಲ, ಅವಳು ಹೇಳಿದ ಮಾತು ಕೇಳುವವಳು. ಶೇಷ ಒಂದು ಬಂದರೆ ಅಪ್ಪನ ಸರದಿ ಎಂದು ಮಗಳಿಗೆ ಗೊತ್ತಾಗಿಬಿಟ್ಟಿದೆ, ಅವಳು ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ.