ವೀರಗಲ್ಲಿನ ಮುಂದೆ ಕಲಿತ ಪಾಠ

ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿಯ ದಿನಗಳು ಹೆಚ್ಚಬೇಕು ಎಂದು ಬರೆದಿದ್ದೀರಿ. ಸರ್, ದಿನಗಳು ಹೆಚ್ಚಿದರೆ ಸಾಲದು, ತರಬೇತಿ ಹಾಲ್ ಬಿಟ್ಟು ಹೊರಗೆ ಬರಬೇಕು. ಹದಿನೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಎಷ್ಟೋ ಕಾರ್ಯಾಗಾರಗಳಲ್ಲಿ ಪಿಪಿಟಿ ನೋಡಿ, ಹಾಜರಾತಿಗೆ ಸಹಿ ಹಾಕಿ ಎದ್ದು ಬಂದಿದ್ದೇನೆ.

ಮನಸ್ಸಿನಲ್ಲಿ ಉಳಿದಿರುವುದು ಒಂದೇ ಸಂಜೆ. ಸಂಪನ್ಮೂಲ ವ್ಯಕ್ತಿಯೊಬ್ಬರು ನಮ್ಮನ್ನು ಊರಾಚೆಯ ವೀರಗಲ್ಲಿನ ಹತ್ತಿರ ಕರೆದೊಯ್ದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ಸವೆದ ಕಲ್ಲು ಎಂದುಕೊಂಡಿದ್ದ ಕಡೆ ಅಕ್ಷರದ ಸಾಲು ಎದ್ದು ಕಂಡಿತು! ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಮುಂದಿನ ವಾರವೇ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಶೋಕನ ಹೆಸರೇ ಇರುವ ಮಸ್ಕಿಯ ಶಾಸನ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿ ಇಂಜಿನಿಯರ್ ಕಣ್ಣಿಗೆ ಬಿತ್ತು ಎಂದು ಹೇಳಿದೆ. ಒಬ್ಬ ಹುಡುಗ, "ಹಂಗಾದ್ರೆ ನಮ್ಮ ಹೊಲದ ಕಲ್ಲಲ್ಲೂ ಇರಬಹುದಾ ಸಾರ್?" ಅಂದ. ಭಾನುವಾರ ಹುಡುಕಲಿಕ್ಕೂ ಹೋಗಿದ್ದ.

ಶಿಕ್ಷಕರ, ಮಕ್ಕಳ ಕಲಿಕೆಗೆಂದು ಸರ್ಕಾರ ಮಾಡಿರುವ ದೀಕ್ಷಾ ಆ್ಯಪ್‌ನ ವಿಡಿಯೊಗಳು ಇರಲಿ. ಜೊತೆಗೆ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟ್, ಅಂದರೆ ಊರು, ಕೆರೆ, ದಾರಿಗಳನ್ನೆಲ್ಲ ತೋರಿಸುವ ವಿವರವಾದ ನಕ್ಷೆ, ಪ್ರತಿ ಶಾಲೆಯ ಗೋಡೆಗೂ ಬರಲಿ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ತಮ್ಮೂರಿನ ಕೆರೆ ಅದರಲ್ಲಿ ಸಿಕ್ಕಾಗ ಮಕ್ಕಳ ಮುಖ ನೋಡಬೇಕು.

ಸ್ಪರ್ಧೆಗಳ ಬಗ್ಗೆ ಒಂದು ಮಾತು. ಭಾಷಣ ಸ್ಪರ್ಧೆಯೆಂದರೆ ನಾವು ಬರೆದುಕೊಟ್ಟದ್ದನ್ನು ಮಕ್ಕಳು ಉರು ಹೊಡೆದು ಒಪ್ಪಿಸುವುದು, ಅಷ್ಟೇ ಆಗಿದೆ. ಅದರ ಬದಲು ಊರಿನ ಹಿರಿಯರನ್ನು ಮಾತಾಡಿಸಿ ಕೆರೆಯ ಚರಿತ್ರೆ ಬರೆಯುವ ಸ್ಪರ್ಧೆ ಇಡಿ. ನಮ್ಮ ಶಾಲೆಯಿಂದ ಮೊದಲು ನಾನೇ ಹೆಸರು ಕೊಡುತ್ತೇನೆ.